ಖಾಲಿ ಕರಡಿಗೆ

ಶ್ರಾವಣಕ್ಕೆ ಎರಡು ದಿನ ಇದೆ ಅನ್ನುವಾಗ ನಮ್ಮ ಮನೆಯಲ್ಲಿ ಬೆಳ್ಳಿ ತೊಳೆಯುತ್ತೇವೆ. ಮೊನ್ನೆಯೂ ಹಿತ್ತಲ ಕಟ್ಟೆಯ ಮೇಲೆ ಕುಳಿತು ದೀಪ, ತಟ್ಟೆ, ಗಿಂಡಿ ಎಲ್ಲವನ್ನೂ ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ತಿಕ್ಕಿದೆ. ಬೆಳ್ಳಿಗೆ ವಿಭೂತಿ ಕೊಡುವ ಹೊಳಪನ್ನು ಅಂಗಡಿಯ ಯಾವ ಪುಡಿಯೂ ಕೊಡುವುದಿಲ್ಲ. ಆದರೆ ಒದ್ದೆ ವಿಭೂತಿಯ ಆ ವಾಸನೆ ಮೂಗಿಗೆ ಬಂದರೆ ಸಾಕು, ನನ್ನ ಕಿವಿ ಬಿಸಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಬುಟ್ಟಿಯ ತಳದಿಂದ ಆ ಕರಡಿಗೆ ಕೈಗೆ ಬರುತ್ತದೆ ಅಂತ ನನಗೆ ಗೊತ್ತು.

ಕರಡಿಗೆ ಅಂದರೆ ಇಷ್ಟಲಿಂಗವನ್ನು ಒಳಗಿಟ್ಟು ದಾರ ಹಾಕಿ ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಸಂಪುಟ. ಇದು ನಮ್ಮ ಮಾವನವರದ್ದು. ಅವರ ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಯಿತು, ಬೆಳ್ಳಿ ಮನೆಯಲ್ಲಿ ಉಳಿಯಿತು. ಆ ಖಾಲಿ ಕರಡಿಗೆಯನ್ನು ನಾನು ಒಂದು ಮಳೆಗಾಲದಲ್ಲಿ ಒಬ್ಬ ಹೆಂಗಸಿನ ಕೊರಳಿಗೆ ಕಟ್ಟಿದೆ. ನನ್ನ ಬಾಯಿ ಎಷ್ಟು ಜೋರು ಅಂತ ಹೊಸಪೇಟೆಯ ಮೇನ್ ಬಜಾರಿಗೆಲ್ಲ ಗೊತ್ತು. ಈ ಒಂದು ಮಾತಿಗೆ ಮಾತ್ರ ಇಷ್ಟು ವರ್ಷ ಬಾಯಿ ಬಂದಿರಲಿಲ್ಲ.

ಆ ವರ್ಷ ಬೇಸಿಗೆಯ ಕೊನೆಗೆ ನಮ್ಮ ಅತ್ತೆ ನೀಲಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬಿಗೆ ಆಪರೇಷನ್ ಆಯಿತು. ಹದಿನೈದು ದಿನಕ್ಕೆ ಡಾಕ್ಟರು, "ನಮ್ಮ ಕೆಲಸ ಮುಗೀತಮ್ಮ. ಇನ್ನು ಇವರಿಗೆ ಬೇಕಾಗಿರೋದು ಔಷಧಿ ಅಲ್ಲ, ಜೊತೆಗೊಬ್ರು ಮನುಷ್ಯರು," ಅಂದು ಕಳಿಸಿಬಿಟ್ಟರು. ಜೊತೆಗೊಬ್ಬರು ಎಲ್ಲಿಂದ ಬರಬೇಕು? ನಮ್ಮದು ಸೀರೆ ಅಂಗಡಿ. ಮದುವೆಗಳ ಕಾಲ, ಮುಂದೆ ಆಷಾಢದ ಡಿಸ್ಕೌಂಟು, ಹಿಂದೆಯೇ ಶ್ರಾವಣದ ಹಬ್ಬಗಳು, ನಾನೂ ನಮ್ಮನೆಯವರೂ ಇಬ್ಬರೂ ಅಂಗಡಿಯಲ್ಲಿ ನಿಂತರೂ ಸಾಲದು. ಬೆಳಿಗ್ಗೆ ಅತ್ತೆಗೆ ಗಡಬಡಿಸಿ ಸ್ನಾನ ಮಾಡಿಸಿ, ತಲೆದಿಂಬಿನ ಪಕ್ಕ ಒಂದು ತಂಬಿಗೆ ನೀರು, ಒಂದು ಡಬ್ಬಿ ಅವಲಕ್ಕಿ ಇಟ್ಟು ಬಾಗಿಲು ಎಳೆದುಕೊಂಡು ಹೋಗುತ್ತಿದ್ದೆ. ಮಧ್ಯಾಹ್ನ ಬಂದು ಊಟ ಕೊಟ್ಟು ಮತ್ತೆ ಓಡುತ್ತಿದ್ದೆ.

ಎರಡು ವಾರ ಹೀಗೇ ನಡೆಯಿತು. ತಂಬಿಗೆಯ ನೀರು ಇಟ್ಟಷ್ಟೇ ಇರುವುದನ್ನು ಒಂದು ದಿನ ಗಮನಿಸಿದೆ. "ನೀರು ಯಾಕ ಕುಡಿದಿಲ್ಲ ಅತ್ತಿ?" ಅಂದರೆ ಅವರು ಮುಖ ಆ ಕಡೆ ತಿರುಗಿಸಿದರು. "ಕುಡಿದ್ರ ಹೋಗಬೇಕಾಗ್ತತಿ. ಯಾರು ಎಬ್ಬಸ್ತಾರ?" ಅಂದರು. ಎರಡು ವಾರ ಆ ಮುದಿ ಜೀವ ಬಾಯಾರಿಕೊಂಡೇ ಮಲಗಿತ್ತು. ಆಸ್ಪತ್ರೆಯಿಂದ ಬಂದ ಮರುದಿನವೇ ಹಾಸಿಗೆ ಒದ್ದೆಯಾಗಿದ್ದಕ್ಕೆ ನಾನೇ ಅವರ ಮೇಲೆ ಹರಿಹಾಯ್ದಿದ್ದೆ. ಅವತ್ತಿನಿಂದ ಅವರು ನೀರು ಬಿಟ್ಟಿದ್ದರು.

ಮರುದಿನವೇ ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲಿದ್ದ ಒಂದು ಏಜೆನ್ಸಿಗೆ ಹೋದೆ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಆಳು ಕಳಿಸುತ್ತಾರೆ ಅಂತ ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದ್ದರು. ಅಲ್ಲಿದ್ದ ಹೆಂಗಸು ಫ್ಯಾನಿನ ಕೆಳಗೆ ಕುಳಿತು ನನಗೆ ಪಾಠ ಹೇಳಿದಳು.

"ನರ್ಸ್ ಬೇರೆ, ಕೇರ್‌ಟೇಕರ್ ಬೇರೆರೀ ಮೇಡಮ್. ಇವರು ಇಂಜೆಕ್ಷನ್ ಕೊಡಂಗಿಲ್ಲ, ಗಾಯಕ್ಕ ಪಟ್ಟಿ ಕಟ್ಟಂಗಿಲ್ಲ. ಸ್ನಾನ, ಊಟ, ಎಬ್ಬಿಸೋದು, ನಡೆಸೋದು, ಬಟ್ಟಿ ಬದಲ್ಸೋದು, ಜೊತೀಗೆ ಕುಂದ್ರೋದು, ಇಷ್ಟ."

"ಇಂಜೆಕ್ಷನ್ ಇಲ್ಲ, ಔಷಧಿ ಇಲ್ಲ. ಮತ್ತ ಇಷ್ಟು ರೊಕ್ಕ ಯಾತಕ್ಕ? ಜೊತೀಗೆ ಕುಂದ್ರಾಕ?"

"ಹೌದ್ರಿ, ಅದಕ್ಕ. ನಿಮಗ ಕುಂದ್ರಾಕ ಆಗವಲ್ದು ಅಂತನ ಬಂದೀರಲ್ಲ?"

ಇನ್ಶೂರೆನ್ಸಿನಲ್ಲಿ ಬರುತ್ತದೆಯೇ ಅಂತ ಕೇಳಿದೆ. ಆಸ್ಪತ್ರೆಯ ಬಿಲ್ಲಿಗೆ ಬರುತ್ತದೆ, ಇದಕ್ಕೆ ಬರುವುದಿಲ್ಲ, ಪೂರಾ ಕೈಯಿಂದಲೇ ಹಾಕಬೇಕು ಅಂದಳು. ಮನೆಯಲ್ಲೇ ಉಳಿಯುವವರಿಗೆ ಒಂದು ದರ, ಹಗಲು ಮಾತ್ರ ಬರುವವರಿಗೆ ಒಂದು ದರ. ವಾರಕ್ಕೊಂದು ರಜ. ಮನೆಯವರು ಉಂಡ ತಟ್ಟೆ ತೊಳೆಯಲು ಹೇಳಬಾರದು. ನಮ್ಮ ಅಂಗಡಿಯ ಗುಮಾಸ್ತರಿಗೆ ಕೊಡುವಷ್ಟು ಸಂಬಳ. ಒಪ್ಪಿ ಸಹಿ ಹಾಕಿದೆ.

ಆಕೆ ಬಂದದ್ದು ಮೃಗಶಿರಾ ಮಳೆ ಹಿಡಿದ ದಿನ. ಹೆಸರು ಹುಲಿಗೆಮ್ಮ, ಸಂಡೂರು ಕಡೆಯ ಬಂಡ್ರಿಯವಳು, ನಲವತ್ತೈದರ ಆಸುಪಾಸು. ಒಂದು ಕೈಚೀಲ, ಒಂದು ಕೊಡೆ. ಅತ್ತೆಯನ್ನು ಎಬ್ಬಿಸಲು ನಾವು ಗಂಡ ಹೆಂಡತಿ ಇಬ್ಬರೂ ಏದುಸಿರು ಬಿಡುತ್ತಿದ್ದರೆ, ಆಕೆ ಅತ್ತೆಯ ಬಗಲಿಗೆ ಕೈ ಕೊಟ್ಟು, "ಅಜ್ಜಿ, ಒಂದ್ ಸಲ ನನ್ನ ಕೊಳ್ಳು ಹಿಡಕೋ," ಅಂದು ಒಂದೇ ಸಲಕ್ಕೆ ಕೂರಿಸಿಬಿಟ್ಟಳು. ನಾನು ಬಾಯಿ ಬಿಟ್ಟು ನೋಡಿದೆ. "ಹತ್ತು ವರ್ಷ ಮೈನ್ಸಿನ್ಯಾಗ ಅದಿರು ಹೊತ್ತೀನ್ರಿ ಅಕ್ಕಾರ. ಅಜ್ಜಿ ಏನ್ ಭಾರ?" ಅಂದಳು. ಅತ್ತೆ ಎಷ್ಟೋ ದಿನಕ್ಕೆ ನಕ್ಕರು. ಅವತ್ತು ಸಂಜೆ ನಾನು ಅಂಗಡಿಯಿಂದ ಬಂದಾಗ ತಂಬಿಗೆ ಖಾಲಿಯಾಗಿತ್ತು.

ಅಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಮೂರನೆಯ ದಿನ ಎದುರು ಮನೆಯ ನಾಗರತ್ನಮ್ಮ ಗೇಟಿನಲ್ಲಿ ನಿಂತು, "ಯಾರವ್ವ ಅಕಿ, ಹೊಸಬರು?" ಅಂದರು. ನನ್ನ ನಾಲಿಗೆ ತಾನಾಗಿ ಹೊರಳಿತು. "ನಮ್ಮ ತವರು ಕಡ್ಯಾಕಿರೀ. ದೂರದ ಸಂಬಂಧ. ನಾಕ್ ದಿನ ಇರ್ಲಿ ಅಂತ ಕರಕೊಂಡ್ ಬಂದೀವಿ."

ಯಾಕೆ ಹಾಗಂದೆ? ಗುಂಡುಕಲ್ಲಿನಂಥ ಸೊಸೆ ಇದ್ದೂ ಅತ್ತೆಯ ಉಚ್ಚೆ ಬಳಿಯಲು ಸಂಬಳದವಳನ್ನು ಇಟ್ಟಿದ್ದಾಳೆ ಅಂತ ಜನ ಆಡಿಕೊಳ್ಳುತ್ತಾರಲ್ಲ, ಅದಕ್ಕೆ. ಸಂಬಳ ಕೊಡುವುದು ನನಗೆ ಕಳ್ಳತನದಷ್ಟು ನಾಚಿಕೆಯ ಕೆಲಸವಾಗಿ ಕಂಡಿತ್ತು. ಸುಳ್ಳು ಹೇಳುವುದು ಕಾಣಲಿಲ್ಲ. ಸಂಬಂಧಿ ಅಂತ ಒಮ್ಮೆ ಅಂದ ಮೇಲೆ ಅದರ ಲಾಭವನ್ನೂ ತೆಗೆದುಕೊಂಡೆ. ಮನೆಯವಳೇ ಅಲ್ಲವೇ ಅಂತ ನಮ್ಮ ತಟ್ಟೆಗಳನ್ನೂ ಬಚ್ಚಲಿಗೆ ಹಾಕಿದೆ. ಹುಲಿಗೆಮ್ಮ ಒಂದು ಗಳಿಗೆ ತಟ್ಟೆ ನೋಡಿದಳು, ನನ್ನನ್ನು ನೋಡಿದಳು, ತೊಳೆದಳು. ಅಡುಗೆಮನೆಯ ಹೊಸ್ತಿಲು ದಾಟಲು ಮಾತ್ರ ಬಿಡುತ್ತಿರಲಿಲ್ಲ ನಾನು. ಆಕೆ ನಮ್ಮ ಪೈಕಿಯವಳಲ್ಲ, ಕೊರಳಲ್ಲಿ ಲಿಂಗವಿಲ್ಲ. ಸಂಬಂಧಿ ಎಂಬ ನನ್ನ ಮಾತು ಅಡುಗೆಮನೆಯ ಹೊಸ್ತಿಲವರೆಗೆ ಮಾತ್ರ ಇತ್ತು.

ಆಷಾಢ ಮುಗಿಯುವಷ್ಟರಲ್ಲಿ ಡ್ಯಾಮು ತುಂಬಿ ಗೇಟು ತೆಗೆದರು. ಅತ್ತೆಯೂ ಚೇತರಿಸಿಕೊಂಡರು. ಹುಲಿಗೆಮ್ಮನ ಭುಜ ಹಿಡಿದು ಪಡಸಾಲೆಯ ಕಿಟಕಿಯವರೆಗೆ ನಡೆದು, ಮಳೆ ನೋಡುತ್ತ ಇಬ್ಬರೂ ಕೂರುತ್ತಿದ್ದರು. ಏನು ಮಾತಾಡುತ್ತಿದ್ದರೋ, ನನ್ನ ಚಪ್ಪಲಿಯ ಸದ್ದಾದರೆ ನಿಲ್ಲುತ್ತಿತ್ತು. ಒಂದು ದಿನ ಬೆಳಿಗ್ಗೆ ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಲಿಂಗಪೂಜೆಗೆ ಕುಳಿತಿದ್ದರು. ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು ಪೂಜಿಸುವುದು ನಮ್ಮ ಪದ್ಧತಿ. ಅವರ ಕೈ ಗಡಗಡ ನಡುಗುತ್ತಿತ್ತು. ಹುಲಿಗೆಮ್ಮ ಪಕ್ಕದಲ್ಲಿ ಕುಳಿತು ಆ ಕೈಯ ಮಣಿಕಟ್ಟನ್ನು ಕೆಳಗಿನಿಂದ ಹಿಡಿದಿದ್ದಳು. ನಾನು ನೋಡಿಯೂ ನೋಡದವಳಂತೆ ಹೋದೆ. ನೋಡಿದೆ ಅಂದರೆ ಆಕೆ ಮುಟ್ಟಬಾರದು ಅನ್ನಬೇಕು, ಅಂದಮೇಲೆ ದಿನಾ ಬೆಳಿಗ್ಗೆ ಅರ್ಧ ತಾಸು ಆ ಕೈಯನ್ನು ನಾನು ಹಿಡಿಯಬೇಕು. ನನಗೆ ಅಂಗಡಿಗೆ ಹೊತ್ತಾಗುತ್ತಿತ್ತು.

ಶ್ರಾವಣ ಬಂತು. ಕಂಪ್ಲಿಯಿಂದ ನಮ್ಮ ನಾದಿನಿ ಶಾಂತಕ್ಕ ಫೋನು ಮಾಡಿದರು. ಅವರ ಮನೆಯವರದ್ದು ಅಲ್ಲಿ ರೈಸ್ ಮಿಲ್ಲು. ನಮ್ಮನೆಯವರ ಅಕ್ಕ, ಹಿರಿಯ ಮಗಳು, ಮಾತು ಕಡ್ಡಿ ಮುರಿದಂತೆ. "ಸೋಮವಾರ ಹಂಪಿಗೆ ಬಂದು ವಿರೂಪಾಕ್ಷನ ದರ್ಶನ ಮಾಡಿ, ಹಂಗ ನಿಮ್ಮನಿಗೆ ಬರ್ತೀವಿ. ಅಯ್ಯನೋರ್ನ ಕರಸು. ಅವ್ವನ ಜೊತಿ ಕುಂತು ಪೂಜಿ ಮಾಡ್ಬೇಕು ನಾ. ಅಂದಂಗ, ನಿಮ್ಮ ತವರು ಕಡ್ಯಾಕಿ ಯಾರೋ ಅದಾಳಂತಲ್ಲ, ನಾಗರತ್ನಮ್ಮ ಸಿಕ್ಕಿದ್ರು, ಭಾಳ ಚಲೋ ನೋಡ್ಕೊಳ್ತಾಳಂತ."

ತವರು ಕಡೆಯವಳು ಅಂದಮೇಲೆ ಕೊರಳಲ್ಲಿ ಶಿವದಾರ ಇರಬೇಕಲ್ಲ! ಶಾಂತಕ್ಕನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಇಡೀ ದಿನ ಒದ್ದಾಡಿದೆ. ನಿಜ ಹೇಳಿಬಿಡುವುದು ಒಂದು ನಿಮಿಷದ ಕೆಲಸ, ಅದು ಹೊಳೆಯಲೇ ಇಲ್ಲ. ಹೊಳೆದದ್ದು ಸೋಮವಾರದ ಪೂಜೆಗೆಂದು ಮತ್ತೆ ಬೆಳ್ಳಿ ತೊಳೆಯುವಾಗ. ಮಾವನವರ ಕರಡಿಗೆಗೆ ವಿಭೂತಿ ಹಚ್ಚಿ ಫಳಫಳ ಅನ್ನಿಸಿದೆ, ಹೊಸ ಶಿವದಾರ ಪೋಣಿಸಿದೆ, ಹುಲಿಗೆಮ್ಮನನ್ನು ಹಿತ್ತಲಿಗೆ ಕರೆದೆ.

"ಇದನ್ನ ಕೊಳ್ಳಾಗ ಹಾಕ್ಕೋ. ನಾಳೆ ಒಂದ್ ದಿನ ಅಷ್ಟ. ಮಂದಿ ಬರ್ತಾರ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಒಳಗ ಏನೂ ಇಲ್ಲಲ್ರಿ?"

"ಖಾಲಿ. ಯಾರು ತೆಗೆದು ನೋಡ್ತಾರ?"

"ದೇವ್ರಿಲ್ದ ಗುಡಿ ಕೊಳ್ಳಿಗೆ ಕಟ್ಕೊಂಡಂಗ ಆತಲ್ರಿ ಅಕ್ಕಾರ. ನಿಮ್ಮ ದೇವ್ರಿಗೆ ಸಿಟ್ಟು ಬರಂಗಿಲ್ಲೇನು?"

"ಅದೆಲ್ಲ ನಾ ನೋಡ್ಕೊಳ್ತೀನಿ. ನೀ ಹಾಕ್ಕೋ." ಇಷ್ಟಕ್ಕೂ ನಿಲ್ಲಲಿಲ್ಲ ನಾನು. ಸೊಂಟದ ಚೀಲದಿಂದ ಐನೂರರ ನೋಟು ತೆಗೆದು ಆಕೆಯ ಮುಂದೆ ಹಿಡಿದೆ. "ಇದಕ್ಕ ಬ್ಯಾರೆ ಕೊಡ್ತೀನಿ, ತಗೋ."

ಆಕೆ ನೋಟು ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನೇ ನೋಟನ್ನು ಆಕೆಯ ಕೈಗೆ ತುರುಕಿದೆ, ನಾನೇ ದಾರವನ್ನು ಕೊರಳಿಗೆ ಹಾಕಿದೆ. ಆಮೇಲೆ ಅತ್ತೆಯ ಕೋಣೆಗೆ ಹೋಗಿ, ನಾಳೆ ಯಾರಾದರೂ ಕೇಳಿದರೆ ಆಕೆ ನಮ್ಮವಳು ಅನ್ನಿರಿ ಅಂತ ಪಾಠ ಹೇಳಿಕೊಟ್ಟೆ. ಅತ್ತೆ ಗೋಡೆಯ ಕಡೆ ಮಗ್ಗಲಾದರು.

ಸೋಮವಾರ ಶಾಂತಕ್ಕ ಬಂದರು. ಹಂಪಿಯ ಕುಂಕುಮ, ಬಾಳೆಹಣ್ಣಿನ ಗೊನೆ, ಜೊತೆಗೆ ಮಗಳು. ಹುಲಿಗೆಮ್ಮ ನೀರು ತಂದುಕೊಟ್ಟಳು. ಶಾಂತಕ್ಕ ಆಕೆಯ ಕೊರಳ ದಾರವನ್ನು ಒಮ್ಮೆ ನೋಡಿ, ನೀರು ಕುಡಿದರು. ಗೆದ್ದೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಪೂಜೆ ಮಾಡಿಸುವ ಅಯ್ಯನವರು ಬಂದರು, ಪಡಸಾಲೆಯಲ್ಲಿ ಚಾಪೆ ಹಾಸಿದೆ, ಎಲ್ಲರೂ ಸಾಲಾಗಿ ಕುಳಿತರು. ಅತ್ತೆಯನ್ನು ಹುಲಿಗೆಮ್ಮ ನಡೆಸಿಕೊಂಡು ಬಂದು ಕೂರಿಸಿ, ಹಿಂದೆ ಸರಿಯುತ್ತಿದ್ದಳು.

"ನೀನೂ ಕುಂದ್ರವ್ವ," ಅಂದರು ಶಾಂತಕ್ಕ. "ನಿಂದೂ ಲಿಂಗ ತೆಗಿ. ಎಲ್ರೂ ಕೂಡೇ ಮಾಡೂಣು."

ಅಯ್ಯೋ ಶಿವನೇ! ಕರಡಿಗೆಯನ್ನು ಕಟ್ಟುವುದು ನನಗೆ ಹೊಳೆದಿತ್ತು. ಪೂಜೆಗೆ ಕುಳಿತವರು ಅದನ್ನು ಬಿಚ್ಚುತ್ತಾರೆ ಅನ್ನುವುದು ಹೊಳೆದಿರಲಿಲ್ಲ. ಬುದ್ಧಿ ಬಂದಾಗಿನಿಂದ ದಿನಾ ಬಿಚ್ಚಿದವಳು ನಾನು! ಹುಲಿಗೆಮ್ಮ ಎರಡೂ ಕೈಯಲ್ಲಿ ಆ ಬೆಳ್ಳಿಯನ್ನು ಹಿಡಿದು ನಿಂತಿದ್ದಳು. ಎಲ್ಲರೂ ಆಕೆಯನ್ನು ನೋಡುತ್ತಿದ್ದರು. ಆಕೆ ನನ್ನನ್ನು ನೋಡುತ್ತಿದ್ದಳು. ನಾನು ಚಾಪೆಯ ಅಂಚಿನ ದಾರ ಕೀಳುತ್ತ ಕುಳಿತೆ.

ಮಾತಾಡಿದ್ದು ಅತ್ತೆ.

"ಅದ್ರಾಗ ಏನಿಲ್ಲ ಶಾಂತಾ. ಖಾಲಿ ಐತಿ. ನಿಮ್ಮಪ್ಪಂದು ಅದು. ಅಕಿ ಗಿರಿಜಾನ ತವರ್ಯಾಕಿ ಅಲ್ಲ. ಬಂಡ್ರಿಯಾಕಿ. ನನ್ನ ನೋಡ್ಕೊಳ್ಳಾಕ ಸಂಬಳಕ್ಕ ಬಂದಾಕಿ." ಆಮೇಲೆ ಎಡಗೈ ಮುಂದೆ ಚಾಚಿದರು. ಅದು ಗಡಗಡ ನಡುಗುತ್ತಿತ್ತು. "ಹುಲಿಗೀ, ಅದನ್ನ ತಗದಿಟ್ಟು ಬಾ. ದಿನಾ ಹಿಡಿದಂಗ ನನ್ನ ಕೈ ಹಿಡಿ. ಅಕಿ ಹಿಡೀಲಿಲ್ಲ ಅಂದ್ರ ಲಿಂಗ ನೆಲಕ್ಕ ಬೀಳ್ತತಿ ಅಯ್ಯನೋರ."

ಅಯ್ಯನವರು ವಯಸ್ಸಾದವರು. "ಹಿಡೀಲೆವ್ವ, ಅದಕ್ಕೇನ್," ಅಂದರು. ಹುಲಿಗೆಮ್ಮ ದಾರವನ್ನು ಕೊರಳಿಂದ ತೆಗೆದು ನನ್ನ ಮುಂದೆ ಚಾಪೆಯ ಮೇಲಿಟ್ಟಳು. ಅದರ ಜೊತೆಗೆ ಸೊಂಟದಿಂದ ಐನೂರರ ನೋಟನ್ನೂ ತೆಗೆದಿಟ್ಟಳು. ಅಷ್ಟು ಜನರ ಮುಂದೆ. ಅತ್ತೆಯ ಪಕ್ಕ ಕುಳಿತು ಮಣಿಕಟ್ಟು ಹಿಡಿದಳು. ಪೂಜೆ ನಡೆಯಿತು. ನಾನೂ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೆ. ಅವತ್ತು ಏನು ಪೂಜೆ ಮಾಡಿದೆನೋ ದೇವರಿಗೇ ಗೊತ್ತು.

ಶಾಂತಕ್ಕ ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಊಟವಾದ ಮೇಲೆ ಅಡುಗೆಮನೆಗೆ ಬಂದು, ದನಿ ತಗ್ಗಿಸಿ, "ಏಜೆನ್ಸಿ ನಂಬರ್ ಕೊಡು. ನಮ್ಮತ್ತಿಗೂ ಒಬ್ರು ಬೇಕಾಗ್ಯಾರ, ಆರ್ ತಿಂಗಳಿಂದ ಹುಡುಕಾಕತ್ತೀನಿ," ಅಂದರು. ಯಾರ ಬಾಯಿಗೆ ಹೆದರಿ ನಾನು ಇಷ್ಟೆಲ್ಲ ನಾಟಕ ಆಡಿದ್ದೆನೋ ಅವರೇ ಊರೆಲ್ಲ ಅಂಥವಳನ್ನು ಹುಡುಕುತ್ತಿದ್ದರು.

ಹುಲಿಗೆಮ್ಮ ಅವತ್ತು ಸಂಜೆ, "ಅಜ್ಜಿ ಸಲುವಾಗಿ ತಿಂಗಳ ತುಂಬಸ್ತೀನ್ರಿ," ಅಂದಳು. ನಾನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಅನ್ನುವುದು ಎಷ್ಟು ಹೊತ್ತಿನ ಮಾತು? ಗಿರಾಕಿಗಳ ಹತ್ತಿರ ಹಗಲೆಲ್ಲ ವಟಗುಟ್ಟುವ ನಾಲಿಗೆ ಆಕೆಯ ಮುಂದೆ ಕಟ್ಟಿಬಿಡುತ್ತಿತ್ತು. ಹೇಳದೆಯೇ ತಿಂಗಳು ತುಂಬಿತು. ಸಂಬಳವನ್ನು ಕವರಿನಲ್ಲಿಟ್ಟು ಕೊಟ್ಟೆ, ಆಕೆ ಅತ್ತೆಯ ಕಾಲು ಮುಟ್ಟಿ, ಕೊಡೆ ಹಿಡಿದು ಹೋದಳು.

ಮರುದಿನ ಬೆಳಿಗ್ಗೆ ಅತ್ತೆಯ ಕೈ ಹಿಡಿಯಲು ನಾನು ಕುಳಿತೆ. ಬಿಗಿಯಾಗಿ ಹಿಡಿದರೆ ಕೈ ಇನ್ನೂ ನಡುಗಿತು, ಸಡಿಲ ಬಿಟ್ಟರೆ ಅಂಗೈ ವಾಲಿತು. ಲಿಂಗ ಜಾರಿ ಅತ್ತೆಯ ಮಡಿಲಿಗೆ ಬಿತ್ತು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, "ಆ ಸೋಮವಾರಕ್ಕಿಂತ ಮದ್ಲ ನನ್ನ ಕೈ ನಡಗ್ತತಿ ಅಂತ ನಿನಗ ಗೊತ್ತಿತ್ತೇನು ಗಿರಿಜಾ?" ಅಂದರು.

"ಇಲ್ಲ ಅತ್ತಿ," ಅಂದೆ. ಅರ್ಧ ತೆರೆದ ಬಾಗಿಲು ಕಣ್ಣ ಮುಂದೆಯೇ ಇತ್ತು, ಆದರೂ ಇಲ್ಲ ಅಂದೆ.

ಏಜೆನ್ಸಿಯವರು ಬೇರೆ ಇಬ್ಬರನ್ನು ಕಳಿಸಿದರು. ಅತ್ತೆ ಇಬ್ಬರ ಕೈಯಲ್ಲೂ ತುತ್ತು ತೆಗೆದುಕೊಳ್ಳಲಿಲ್ಲ. ಮತ್ತೆ ನೀರು ಕಡಿಮೆ ಮಾಡಿದರು. ಹತ್ತನೆಯ ದಿನ ಅಂಗಡಿಯನ್ನು ನಮ್ಮನೆಯವರಿಗೆ ಬಿಟ್ಟು ಸಂಡೂರು ಬಸ್ಸು ಹತ್ತಿದೆ. ಗುಡ್ಡಗಳೆಲ್ಲ ಹಸಿರಾಗಿದ್ದವು, ರಸ್ತೆ ಮಾತ್ರ ಅದಿರಿನ ಲಾರಿಗಳಿಂದ ಕೆಂಪು ರಾಡಿ. ಬಂಡ್ರಿಯಲ್ಲಿ ಇಳಿದು ಕೇಳಿಕೊಂಡು ಹೋದಾಗ ಹುಲಿಗೆಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, "ಬರ್ರಿ ಅಕ್ಕಾರ, ಕುಂದ್ರಿ. ಅಜ್ಜಿ ಹೆಂಗದಾರ?" ಅಂದಳು. ಒಂದು ಚೊಂಬು ನೀರು ತಂದು ಹಿಡಿದುಕೊಂಡು, ಕೊಡಲೋ ಬೇಡವೋ ಅಂತ ನಿಂತಳು. ಕೈಯಿಂದ ಇಸಿದುಕೊಂಡು ಗಟಗಟ ಕುಡಿದೆ.

"ವಾಪಸ್ ಬಾ ಹುಲಿಗೆಮ್ಮ. ಸಂಬಳ ಜಾಸ್ತಿ ಮಾಡ್ತೀನಿ. ತಾಟು ಗೀಟು ತೊಳಿಯೋದು ಬ್ಯಾಡ."

"ರೊಕ್ಕದ್ದಲ್ರಿ. ನೀವು ರೊಕ್ಕ ಸರಿಯಾಗಿ ಕೊಟ್ರಿ. ಆ ಡಬ್ಬಿಗೆ ಸೈತ ಕೊಡಾಕ ಬಂದ್ರಿ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. "ನಾಳೆ ಕಂಪ್ಲಿಗೆ ಹೊಂಟೀನಿ. ನಿಮ್ಮ ಶಾಂತಕ್ಕಾರ ಮನೀಗೆ. ಬಂದ ಮಂದಿಗೆಲ್ಲ ನೀ ನಮ್ಮ ಕೆಲಸದಾಕಿ ಅಂತ ಹೇಳ್ತೀನಿ, ಆಗ್ತತೇನು ಅಂತ ಅವ್ರು ಮದ್ಲ ಕೇಳಿದ್ರು. ಆಗ್ತತ್ರಿ ಅಂದೆ."

ಅಲ್ಲಿಯೂ ತಪ್ಪಾಯಿತು ಅನ್ನಲಿಲ್ಲ ನಾನು. ಕೈ ಹಿಡಿಯಲು ಬರುವುದಿಲ್ಲ ಅಂತ ಮಾತ್ರ ಹೇಳಿಕೊಂಡೆ. ಆಕೆ ನನ್ನ ಎಡಗೈಯನ್ನು ತನ್ನ ಮಡಿಲ ಮೇಲಿಟ್ಟುಕೊಂಡಳು. "ಎರಡು ಬಟ್ಟು ಕೆಳಗ, ಎಲುಬಿನ ಗುಂಟ. ಹೆಬ್ಬಟ್ಟು ಮ್ಯಾಲೆ ಇರ್ಬೇಕು, ಆದ್ರ ಒತ್ತಬಾರ್ದು. ಅಜ್ಜಿ ಕೈ ನಡುಗಿದ್ರ ನಡುಗ್ಲಿ ಬಿಡ್ರಿ, ನಿಲ್ಸಾಕ ಹೋಗಬ್ಯಾಡ್ರಿ. ಜೊತೀಗೆ ಹೋಗ್ರಿ." ಅದಿರು ಹೊತ್ತ ಆ ಬೆರಳುಗಳು ಒರಟಾಗಿದ್ದವು. ಹಿಡಿತ ಅಷ್ಟು ಹಗುರವಾಗಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಿಟ್ಟೆ.

ಆಮೇಲೆ ಮೂರು ತಿಂಗಳು ದಿನಾ ಬೆಳಿಗ್ಗೆ ನಾನೇ ಹಿಡಿದೆ. ಅಂಗಡಿಗೆ ತಡವಾಗಿ ಹೋದೆ, ಅಂಗಡಿ ಏನೂ ಮುಳುಗಲಿಲ್ಲ. ಲಿಂಗ ಮತ್ತೆ ಬೀಳಲಿಲ್ಲ. ಅತ್ತೆ ಒಮ್ಮೆಯೂ ಚಲೋ ಹಿಡಿದೆ ಅನ್ನಲಿಲ್ಲ, ಆದರೆ ನನ್ನ ಕೈಯಿಂದ ನೀರು ಕುಡಿದರು. ಕಾರ್ತಿಕದ ಒಂದು ಬೆಳಗಿನ ಜಾವ ಮಲಗಿದಲ್ಲೇ ಹೋದರು.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹೂವು ಹಾಕಿ, ಅಯ್ಯನವರು ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಅಂಗೈ ವಾಲುತ್ತಿತ್ತು. ಹಿಡಿಯಲು ನಾನೇ ಕುಳಿತೆ. ಕಂಪ್ಲಿಯಿಂದ ಶಾಂತಕ್ಕನ ಕಾರಿನಲ್ಲಿ ಹುಲಿಗೆಮ್ಮನೂ ಬಂದಿದ್ದಳು. ಬಾಗಿಲ ಬಳಿ ಸೆರಗು ಬಾಯಿಗೊತ್ತಿಕೊಂಡು ನಿಂತಳು. ನಾಗರತ್ನಮ್ಮ ಆಕೆಯನ್ನು ಗುರುತು ಹಿಡಿದು, ನನ್ನ ಕಡೆ ಬಾಗಿ, "ಅಕಿ ನಿಮ್ಮ ತವರು ಕಡ್ಯಾಕಿ ಅಲ್ಲೇನವ್ವ?" ಅಂದರು. ಅವರಿಗೆ ನಾನು ನಿಜ ಹೇಳಿರಲೇ ಇಲ್ಲ.

"ಹೂನ್ರಿ, ನಮ್ಮಾಕಿ," ಅಂದೆ. ಈ ಸಲ ನಾಟಕವಿರಲಿಲ್ಲ. ಹೊಟ್ಟೆಯೊಳಗಿಂದ ಬಂದ ಮಾತು. ಅಕ್ಕನೋ ತಂಗಿಯೋ ಇದ್ದಂತೆ ಅನ್ನಿಸಿಯೇ ಅಂದೆ. ಆಕೆಗೂ ಕೇಳಲಿ ಅಂತ ದೊಡ್ಡದಾಗಿ ಅಂದೆ.

ಹುಲಿಗೆಮ್ಮ ಮುಂದೆ ಬಂದಳು. "ಅಲ್ರೀ ಯವ್ವ," ಅಂದಳು ನಾಗರತ್ನಮ್ಮನಿಗೆ. "ನಾ ಬಂಡ್ರಿಯಾಕಿ. ಅಜ್ಜೀನ ನೋಡ್ಕೊಳ್ಳಾಕ ಸಂಬಳಕ್ಕಿದ್ದೆ."

ನಾನು ತಲೆ ಎತ್ತಲಿಲ್ಲ. ಆಕೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಅತ್ತೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕೈಯ ಕಡೆ ನೋಡಿದಳು.

"ಹೆಬ್ಬಟ್ಟು ಸಡ್ಲ ಬಿಡ್ರಿ ಅಕ್ಕಾರ," ಅಂದಳು ಮೆಲ್ಲಗೆ. "ಒತ್ತಾಕತ್ತೀರಿ."

ನಾನು ಹೆಬ್ಬೆರಳು ಸಡಿಲ ಬಿಟ್ಟೆ.